ಪ್ರತಿನಾಯಕನ ಮುಖಗಳು: ಬ್ಲೋಫೆಲ್ಡ್ ಪಾತ್ರವೂ ಅದರ ನಟರೂ

ರಾಯಚೂರು ಸೀಮೆಯ ದೊಡ್ಡಾಟದಲ್ಲಿ ರಾವಣನ ವೇಷವನ್ನು ಈ ವರ್ಷ ಒಬ್ಬನೂ ಬರುವ ವರ್ಷ ಇನ್ನೊಬ್ಬನೂ ಧರಿಸಬಹುದು; ಕಿರೀಟ ಭುಜಕೀರ್ತಿಗಳನ್ನು ಕಂಡೊಡನೆ ನೋಟಕರು ರಾವಣನನ್ನು ಗುರುತಿಸುವರು. ಚಲಚ್ಚಿತ್ರದಲ್ಲಾದರೋ ನಟನ ಮುಖವೇ ಪಾತ್ರದ ಮುಖ. ಹೀಗಿರಲು, ನಟನು ಬದಲಾದರೆ ಅಲ್ಲಿ ಪಾತ್ರವು ಉಳಿಯುವುದೆಂತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕನ್ನಡದ ಗೂಢಚಾರ ಚಿತ್ರಗಳಲ್ಲಿ ಈ ಪ್ರಶ್ನೆಗೆ ಎಡೆಯಿಲ್ಲ. ದೊರೆ–ಭಗವಾನರ ‘ಜೇಡರ ಬಲೆ’ (1968) ಮೊದಲ್ಗೊಂಡು ‘ಆಪರೇಷನ್ ಡೈಮಂಡ್ ರಾಕೆಟ್’ (1978) ವರೆಗಿನ ಸಿ.ಐ.ಡಿ. 999 ಮಾಲೆಯಲ್ಲಿ ಮರಳಿ ಮರಳಿ ಬರುವವನು ರಾಜಕುಮಾರರು ಅಭಿನಯಿಸಿದ ನಾಯಕನೇ ಹೊರತು ಪ್ರತಿನಾಯಕನಲ್ಲ. ಆದಕಾರಣ ಇಂಗ್ಲಿಷಿನ ಜೇಮ್ಸ್ ಬಾಂಡ್ ಮಾಲೆಯನ್ನು ನೋಡಬೇಕಾಗುತ್ತದೆ. ಅಲ್ಲಿ ‘ಸ್ಪೆಕ್ಟರ್’ ಎಂಬ ಗುಪ್ತಸಂಘದ ಒಡೆಯನಾದ ಬ್ಲೋಫೆಲ್ಡನನ್ನು ಹಲವು ನಟರು ಅಭಿನಯಿಸಿರುವರು.

1963 ಮತ್ತು 1965ರ ಚಿತ್ರಗಳಲ್ಲಿ ಅವನ ಮುಖವು ಕಾಣದು. ಬಿಳಿಯ ಬೆಕ್ಕನ್ನು ನೇವರಿಸುವ ಕೈಗಳಷ್ಟೇ ಕಾಣುತ್ತವೆ. ಮೈ ಆಂಥೊನಿ ಡಾಸನನದು, ಕಂಠ ಎರಿಕ್ ಪೋಲ್‌ಮನ್ನನದು. ತೊಗಲುಗೊಂಬೆಯಾಟದಲ್ಲಿರುವಂತೆ ಆಂಗಿಕವೊಂದು ಕಡೆ, ವಾಚಿಕವೊಂದು ಕಡೆ. ಕಾಣದ ಮುಖವನ್ನು ಪ್ರೇಕ್ಷಕನೇ ಕಲ್ಪಿಸಿಕೊಳ್ಳಬೇಕಾದುದರಿಂದ ಭಯಾನಕವು ಇಲ್ಲಿ ಅಪರಿಮಿತವಾಗಿದೆ.

1967ರಲ್ಲಿ ಡೊನಾಲ್ಡ್ ಪ್ಲೆಸೆನ್ಸನು ಆ ಮುಖವನ್ನು ತೋರಿಸಿದನು: ಬೋಳು ತಲೆ, ಕಣ್ಣಿನ ಮೇಲೆ ಹಾಯ್ದ ಗಾಯದ ಕಲೆ, ತಗ್ಗಿದ ದನಿ. ಜ್ವಾಲಾಮುಖಿಯ ಗರ್ಭದಲ್ಲಿ ಕುಳಿತು ಅಪ್ಪಣೆ ಕೊಡುವ ಇವನು ಕ್ರಿಯಾವಂತನಲ್ಲ. 1969ರಲ್ಲಿ ಟೆಲಿ ಸವಾಲಸನು ಇದಕ್ಕೆ ವಿರುದ್ಧವಾಗಿ, ಹಿಮದ ಇಳಿಜಾರಿನಲ್ಲಿ ತಾನೇ ಬೆನ್ನಟ್ಟಿ ಹೋರುವ ಬಲಿಷ್ಠನನ್ನು ಚಿತ್ರಿಸಿದನು. ಕೊನೆಯಲ್ಲಿ ನಾಯಕನ ನವವಧುವಿನ ಕೊಲೆಗೂ ಇವನೇ ಕಾರಣನು. 1971ರಲ್ಲಿ ಚಾರ್ಲ್ಸ್ ಗ್ರೇಯು ತಲೆಗೂದಲುಳ್ಳ, ವಿನೋದದ ನಾಗರಿಕನನ್ನು ಮಾಡಿದನು. ಭಯವು ತೆಳುವಾಗಿ ಹಾಸ್ಯವು ಮೇಲಾಯಿತು. 1983ರಲ್ಲಿ ಬೇರೊಂದು ನಿರ್ಮಾಣದವರ ಚಿತ್ರದಲ್ಲಿ ಮ್ಯಾಕ್ಸ್ ಫಾನ್ ಸೀಡೋ ಗಡ್ಡಧಾರಿಯಾಗಿ ಬಂದನು. ಇಷ್ಟು ಭೇದಗಳ ನಡುವೆ ಪಾತ್ರವನ್ನು ಒಂದಾಗಿಸಿದುದು ಬೆಕ್ಕು. ನಮ್ಮ ಭುಜಕೀರ್ತಿಯ ಕಾರ್ಯವನ್ನು ಅದು ಮಾಡಿತು.

2015 ಮತ್ತು 2021ರಲ್ಲಿ ಕ್ರಿಸ್ಟಾಫ್ ವಾಲ್ಟ್ಸನ ಪಾತ್ರಕ್ಕೆ ಹೊಸದೊಂದು ಸೇರಿತು. ಅನಾಥನಾದ ಬಾಂಡನನ್ನು ಕೆಲಕಾಲ ಸಾಕಿದವನ ಮಗನೇ ಬ್ಲೋಫೆಲ್ಡನೆಂದೂ, ತಂದೆಯ ಪ್ರೀತಿಯು ಹಂಚಿಹೋದುದೇ ಅವನ ದ್ವೇಷಕ್ಕೆ ಮೂಲವೆಂದೂ ಕಥೆ. ವಾಲ್ಟ್ಸನು ನಯವಾದ ಮಾತಿನ ಸಮರ್ಥ ನಟನು. ಆದರೂ ಲೋಕವನ್ನೇ ನುಂಗಬಂದವನು ಮನೆಯ ಮತ್ಸರದಿಂದ ಹುಟ್ಟಿದನೆಂದೊಡನೆ ಪಾತ್ರವು ಕುಗ್ಗಿತೆಂದೇ ತೋರುತ್ತದೆ.

ಪ್ರತಿನಾಯಕನಿಗೆ ಅಂತರಂಗವನ್ನು ಕೊಡುವುದೇ ದೋಷವೆಂದು ಇದರಿಂದ ತಿಳಿಯಲಾಗದು. ರನ್ನನ ದುರ್ಯೋಧನನಲ್ಲಿಯೂ ದಾಯಾದಿ ಮತ್ಸರವಿದೆ. ಆದರೆ ‘ಗದಾಯುದ್ಧ’ದ ರಣರಂಗದಲ್ಲಿ ಅವನು ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಮರುಗುವನು, ಹಗೆಯ ಮಗನಾದ ಅಭಿಮನ್ಯುವಿನ ಮರಣವನ್ನೂ ಕೊಂಡಾಡುವನು. ಅಂತರಂಗವು ಅನ್ಯರತ್ತ ಹರಿದುದರಿಂದ ಅವನು ಹಿರಿದಾದನು. ತನ್ನ ನೋವಿನಲ್ಲಿಯೇ ನಿಂತುದರಿಂದ ಬ್ಲೋಫೆಲ್ಡನು ಕಿರಿದಾದನು. ನಟನಾರು ಮೇಲೆಂದು ಕೇಳುವುದಕ್ಕಿಂತ, ಅವನಿಗೆ ದೊರೆತ ದುಃಖವು ಎಂಥದೆಂದು ಕೇಳುವುದು ವಿಮರ್ಶಕರಿಗೂ ಅಧ್ಯಾಪಕರಿಗೂ ಹೆಚ್ಚು ಫಲಕಾರಿಯೆಂದು ನಮ್ಮ ಭಾವನೆ.