ವೀರಗಲ್ಲಿನ ಒಂದು ಱಕಾರ, ಮತ್ತು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ಜೊತೆಗೆ ಬೇಕಾಗುವ ಸಾಮಾನು

ಮೊದಲೇ ಒಂದು ತಪ್ಪೊಪ್ಪಿಗೆ. ರಾಣೇಬೆನ್ನೂರು ತಾಲೂಕಿನ ಮೇಡ್ಲೇರಿಯಲ್ಲಿ ನಾನು ನೋಡಿದ ಒಂದು ಸವೆದ ವೀರಗಲ್ಲಿನ ಪಟ್ಟಿಯಲ್ಲಿ ಉಳಿದಿರುವ ಅಕ್ಷರಗಳನ್ನು ಕಳೆದ ವರ್ಷ 'ಊರ...' ಎಂದು ಓದಿ, ಇದು ಊರಳಿವಿನ ಕಲ್ಲು, ಊರಿಗೆ ಬಿದ್ದ ದಾಳಿಯಲ್ಲಿ ಹೋರಾಡಿ ಸತ್ತವನದು ಅಂತ ನಾಲ್ಕಾರು ಗೆಳೆಯರಿಗೆ ಬರೆದು ಕಳಿಸಿದ್ದೆ. ಓದಿದ್ದು ಮೊಬೈಲ್ ಫೋಟೋದಿಂದ. ಒಬ್ಬ ಹಿರಿಯರು ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಎರಡನೇ ಅಕ್ಷರ ರಕಾರವೋ, ಱಕಾರವೋ? ಸರಿಯಾಗಿ ನೋಡಿದಿರಾ?"

ನೋಡಿರಲಿಲ್ಲ. ಪ್ರಶ್ನೆ ಸಣ್ಣದಲ್ಲ. ಹಳಗನ್ನಡದಲ್ಲಿ 'ಊರ್' ಎಂಬುದಕ್ಕೆ ಸಾಮಾನ್ಯ ರಕಾರ. ದನದ ಹಿಂಡಿಗೆ ಹೇಳುವ 'ತುಱು'ವಿಗೆ ಱಕಾರ, ಅಂದರೆ ಶಕಟರೇಫ. ಬಂಡಿಯ ಚಕ್ರದಂತಹ ದುಂಡು, ಅದರ ಒಳಗೆ ಗೀಟು. ಆ ಒಳಗಿನ ಗೀಟು ಇದ್ದರೆ ಆತ ಸತ್ತದ್ದು ತುಱುಗೊಳ್ ಕಾಳಗದಲ್ಲಿ, ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸುವಾಗ. ಮೊದಲನೇ ಅಕ್ಷರದ ಮೇಲ್ಭಾಗ ಚಕ್ಕೆ ಎದ್ದು ಹೋಗಿದೆ, ಕೆಳಗೆ ಬಲಕ್ಕೆ ಒಂದು ಬಾಗು ಮಾತ್ರ ಉಳಿದಿದೆ. ಅದು 'ಊ'ನ ಬಾಲವೂ ಆಗಬಹುದು, 'ತು'ವಿನ ಕೊಂಬೂ ಆಗಬಹುದು. ಹಾಗಾಗಿ ಎಲ್ಲವೂ ಆ ಎರಡನೇ ದುಂಡಿನ ಒಳಗೆ ಏನಿದೆ ಅನ್ನೋದರ ಮೇಲೆ ನಿಂತಿತ್ತು. ಮೊಬೈಲ್ ಫೋಟೋ ಹಿಗ್ಗಿಸಿ ನೋಡಿದರೆ ಒಳಗೆ ನುಣ್ಣಗೆ ಬೂದು ಬಣ್ಣ. ಆ ನುಣುಪು ಕಲ್ಲಿನದಲ್ಲ, ಫೋನಿನೊಳಗಿನ ತಂತ್ರಾಂಶದ್ದು ಅಂತ ಆಮೇಲೆ ಗೊತ್ತಾಯಿತು. ಒರಟು ಕಂಡಲ್ಲೆಲ್ಲ ಅದು ಒರೆಸುತ್ತೆ, ಅಂಚು ಕಂಡಲ್ಲೆಲ್ಲ ತಿದ್ದುತ್ತೆ. ಮುಖಕ್ಕೆ ಒಳ್ಳೇದು, ಶಾಸನಕ್ಕಲ್ಲ.

ಅದಕ್ಕೇ ಈ ಬಾರಿ ನನ್ನ ಹಳೆಯ ಯಾಶಿಕಾ ಮ್ಯಾಟ್-124ಜಿ ತಗೊಂಡು ಹೋದೆ. ಕ್ಯಾಮೆರಾ ಬಗ್ಗೆ ಹೆಚ್ಚು ಹೇಳೋದಿಲ್ಲ: 1970ರಿಂದ 1986ರವರೆಗೆ ತಯಾರಾದದ್ದು, ಮೇಲೊಂದು ಕೆಳಗೊಂದು ಜೋಡಿ ಲೆನ್ಸು, 80 ಮಿ.ಮೀ., 120 ಫಿಲಂ. ಒಂದು ರೋಲಿಗೆ 6x6 ಸೆಂ.ಮೀ.ನ 12 ಚಿತ್ರ. ನೆಗೆಟಿವ್‌ನ ವಿಸ್ತೀರ್ಣ 35 ಮಿ.ಮೀ. ಫಿಲಂನದಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಆದರೆ ಬರೀ ಕ್ಯಾಮೆರಾ ಹಿಡಿದು ಹೋದರೆ ಮೊಬೈಲಿಗಿಂತ ಕೆಟ್ಟದಾಗಿ ಬರುತ್ತೆ, ನನಗೆ ಮೊದಲ ಎರಡು ರೋಲು ಹಾಗೇ ಬಂದಿದ್ದವು. ಕೆಲಸ ಮಾಡೋದು ಜೊತೆಗಿನ ಸಾಮಾನು. ಅದರ ಬಗ್ಗೆ ಬರೆಯಿರಿ ಅಂತ ಕೆಲವರು ಕೇಳಿದ್ದರಿಂದ ಈ ಲೇಖನ.

ಮೊದಲು ಟ್ರೈಪಾಡ್. ಅದನ್ನು ಊರ ನಡುವೆ ನೆಟ್ಟ ಕೂಡಲೇ ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಾರು ಎದ್ದು ಬಂದರು. "ಏನ್ರೀ ಸಾಹೇಬ್ರ, ರಸ್ತಾ ಅಗಲ ಮಾಡಾಕ ಅಳೀಲಿಕ್ಕ ಬಂದೀರೇನ್ರೀ?" ಮೂರು ಕಾಲು, ಮೇಲೊಂದು ಪೆಟ್ಟಿಗೆ, ಅದರೊಳಗೆ ಬಗ್ಗಿ ನೋಡೋ ಮನುಷ್ಯ, ಸರ್ವೇಯವರು ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ನಾನು ಎಂಜಿನಿಯರ್ ಅಂದಿದ್ದೇ ಇನ್ನೂ ಎಡವಟ್ಟಾಯ್ತು. "ಇಲ್ಲ ಅಜ್ಜಾರ, ಈ ಕಲ್ಲಿನ ಫೋಟೋ ತೆಗೀಲಿಕ್ಕೆ" ಅಂತ ಹೇಳಿ, ಕ್ಯಾಮೆರಾದ ಮೇಲಿನ ಗಾಜಿನಲ್ಲಿ ಕಲ್ಲನ್ನು ತೋರಿಸಿದ ಮೇಲೆ ನಂಬಿದರು. ಆ ಗಾಜಿನಲ್ಲಿ ಚಿತ್ರ ಎಡ-ಬಲ ತಿರುಗಿ ಕಾಣುತ್ತೆ. ಅಕ್ಷರ ಓದಲಿಕ್ಕೆ ಬರೋದಿಲ್ಲ, ಫೋಕಸ್ ನೋಡಲಿಕ್ಕೆ ಮಾತ್ರ. ಮೊದಲ ಸಲ ಹಿಡಿಯುವವರು ಇದಕ್ಕೆ ಗಾಬರಿಯಾಗಬೇಡಿ.

ಟ್ರೈಪಾಡ್ ಭಾರ ಇರಲಿ, ನಡುವಿನ ಕಂಬವನ್ನು ಹಲ್ಲಿನ ಚಕ್ರದಿಂದ ಏರಿಸಿ ಇಳಿಸುವಂತಿರಲಿ. ಕಾರಣ ಇದೆ. ನಾವು ನೋಡೋದು ಮೇಲಿನ ಲೆನ್ಸಿನಿಂದ, ಫಿಲಂ ಮೇಲೆ ಬೀಳೋದು ಕೆಳಗಿನದರಿಂದ. ನನ್ನ ಕ್ಯಾಮೆರಾದಲ್ಲಿ ಇವೆರಡರ ನಡುವೆ ನಾಲ್ಕು ಸೆಂ.ಮೀ.ಗೆ ತುಸು ಹೆಚ್ಚು ಅಂತರ. ದೂರದ ಗುಡಿಗೆ ಇದು ಲೆಕ್ಕಕ್ಕಿಲ್ಲ, ಅರ್ಧ ಮೀಟರ್‌ನಿಂದ ಶಾಸನ ತೆಗೆಯುವಾಗ ಮಾತ್ರ ಮೇಲಿನ ಒಂದು ಸಾಲೇ ಹೋಗಿಬಿಡುತ್ತೆ. ಫೋಕಸ್ ಆದ ಮೇಲೆ ಕಂಬವನ್ನು ಅಷ್ಟೇ ಏರಿಸಬೇಕು, ಆಗ ಕೆಳಗಿನ ಲೆನ್ಸು ಮೇಲಿನದಿದ್ದ ಜಾಗಕ್ಕೆ ಬರುತ್ತೆ. ಮಾಮಿಯಾ ಕಂಪನಿ ತನ್ನ ಜೋಡಿ ಲೆನ್ಸಿನ ಕ್ಯಾಮೆರಾಗಳಿಗೆ ಇದಕ್ಕೆಂದೇ ಪ್ಯಾರಮೆಂಡರ್ ಅನ್ನೋ ಉಪಕರಣ ಮಾಡಿತ್ತು. ನಾನು ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಎರಡು ಗೆರೆ ಹಾಕಿಕೊಂಡಿದ್ದೇನೆ, ಅಷ್ಟೇ.

ಕ್ಲೋಸ್-ಅಪ್ ಲೆನ್ಸು ಬೇಕೇ ಬೇಕು. ಈ ಕ್ಯಾಮೆರಾ ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗೋದಿಲ್ಲ. ಅಲ್ಲಿಂದ ಸುಮಾರು 64 ಸೆಂ.ಮೀ. ಚೌಕ ಸಿಗುತ್ತೆ, ಇಡೀ ಕಲ್ಲಿಗೆ ಸಾಕು. ಒಂದು ಡಯಾಪ್ಟರ್‌ನ ಲೆನ್ಸು ಮುಂದೆ ಸೇರಿಸಿದರೆ ಅರ್ಧ ಮೀಟರ್‌ಗೆ ಹೋಗಬಹುದು, ಚೌಕ 32 ಸೆಂ.ಮೀ.ಗೆ ಇಳಿಯುತ್ತೆ. ಅಂದರೆ ಮೂರು ಸೆಂ.ಮೀ. ಎತ್ತರದ ಅಕ್ಷರ ನೆಗೆಟಿವ್ ಮೇಲೆ ಐದು ಮಿ.ಮೀ.ಗೂ ಹೆಚ್ಚಿರುತ್ತೆ. ಕೊಳ್ಳುವಾಗ ಜೋಡಿಯಾಗಿಯೇ ಕೊಳ್ಳಿ, ನೋಡುವ ಲೆನ್ಸಿಗೂ ಒಂದು ಹಾಕದಿದ್ದರೆ ಫೋಕಸ್ ಕುರುಡು. ಯಾಶಿಕಾ, ರೋಲೈಕಾರ್ಡ್‌ಗಳಿಗೆ 'ಬೇ 1' ಅನ್ನುವ ಅಳತೆ. ಹಳೇ ಸಾಮಾನಿನ ಅಂಗಡಿಯವರು "ಎಲ್ಲಾದಕ್ಕೂ ಕೂಡ್ತದ ಸರ್" ಅಂದರೆ ಹಾಕಿ ನೋಡಿಯೇ ದುಡ್ಡು ಕೊಡಿ. ನಾನು ಹಾಗೆ ಕೊಂಡ ಒಂದು ಹುಡ್ ಈಗ ಮೇಜಿನ ಮೇಲೆ ಪೆನ್ನು ಹಾಕಲಿಕ್ಕೆ ಆಗಿದೆ.

ಕಲ್ಲು ಹಿಂದಕ್ಕೆ ವಾಲಿದೆ. ಕ್ಯಾಮೆರಾಕ್ಕೆ ರಸಮಟ್ಟ ಇಟ್ಟರೆ ಕ್ಯಾಮೆರಾ ನೆಟ್ಟಗಾಗುತ್ತೆ, ಕಲ್ಲು ಆಗೋದಿಲ್ಲ. ಎರಡೂ ಸಮಾಂತರ ಇರದಿದ್ದರೆ ಮೇಲಿನ ಸಾಲು ಮಸುಕು, ಕೆಳಗಿನದು ಸ್ಪಷ್ಟ. ಇದಕ್ಕೆ ಉಪಾಯ, ಅಂಗೈಯಗಲದ ಚಪ್ಪಟೆ ಕನ್ನಡಿ. ಅದನ್ನು ಕಲ್ಲಿನ ಮೈಗೆ ತಾಗಿಸಿ ಹಿಡಿಯಿರಿ. ಗಾಜಿನಲ್ಲಿ ನೋಡಿದಾಗ ನಿಮ್ಮದೇ ಲೆನ್ಸು ಕನ್ನಡಿಯ ನಡುವೆ, ಚಿತ್ರದ ನಡುಮಧ್ಯಕ್ಕೆ ಕಾಣುವ ತನಕ ಕ್ಯಾಮೆರಾ ಬಾಗಿಸಿ. ಕಂಡರೆ ಲಂಬ ಸರಿಯಾಗಿದೆ ಅಂತ ಅರ್ಥ. ಯಾವ ಅಳತೆಗೋಲೂ ಇಷ್ಟು ಬೇಗ ಹೇಳೋದಿಲ್ಲ. ಅದೇ ಕನ್ನಡಿ ನೆರಳಲ್ಲಿರುವ ಕಲ್ಲಿಗೆ ಬಿಸಿಲು ತಿರುಗಿಸಲಿಕ್ಕೂ ಆಗುತ್ತೆ. ಗರ್ಭಗುಡಿಯ ಬಾಗಿಲವಾಡದ ಅಕ್ಷರ ಓದುವವರಿಗೆ ಇದು ಗೊತ್ತಿರೋ ವಿದ್ಯೆ.

ಇನ್ನು ಮುಖ್ಯವಾದದ್ದು, ಬೆಳಕು. ಸವೆದ ಅಕ್ಷರ ಕಾಣೋದು ಅದರ ತಗ್ಗಿನಲ್ಲಿ ನೆರಳು ಬಿದ್ದಾಗ. ಬೆಳಕು ಕಲ್ಲಿನ ಮೈಗೆ ಒರೆಸಿಕೊಂಡು ಬಂದ ಹಾಗೆ ಪಕ್ಕದಿಂದ ಬರಬೇಕು. ಈ ಕಲ್ಲು ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬಿಸಿಲು ಎದುರಿಗೇ ಹೊಡೆದು ಎಲ್ಲ ಚಪ್ಪಟೆ. ನಡುಹಗಲಿನ ಹೊತ್ತಿಗೆ ಮೇಲಿನಿಂದ ಒರೆಸಿಕೊಂಡು ಬರುತ್ತೆ ನಿಜ, ಆದರೆ ಮೇಲಿನ ಬೆಳಕು ಅಡ್ಡಗೀಟುಗಳನ್ನು ಎತ್ತಿ ತೋರಿಸಿ ನಿಂತ ಗೀಟುಗಳನ್ನು ನುಂಗುತ್ತೆ. ಬೆಳಕಿನ ದಿಕ್ಕಿಗೇ ಇರುವ ಗೀಟಿಗೆ ನೆರಳಿಲ್ಲ. ಹಾಗಾಗಿ ಒಂದೇ ದಿಕ್ಕಿನ ಬೆಳಕಿನ ಫೋಟೋ ನೋಡಿ "ಇಲ್ಲಿ ಗೀಟು ಇಲ್ಲ" ಅನ್ನೋದು ತಪ್ಪು. ನನ್ನ ಪದ್ಧತಿ: ಒಂದು ಚೌಕಟ್ಟಿಗೆ ಎಡ, ಬಲ, ಮೇಲೆ, ಕೆಳಗೆ, ಹೀಗೆ ನಾಲ್ಕು ಚಿತ್ರ. 12 ಚಿತ್ರದ ರೋಲಿನಲ್ಲಿ ಮೂರು ಜಾಗ. ಕಡಿಮೆ ಅನ್ನಿಸುತ್ತೆ, ಅದರಿಂದಲೇ ಯಾವ ಜಾಗ ಅಂತ ಯೋಚನೆ ಮಾಡುವ ಹಾಗಾಗುತ್ತೆ.

ಬೆಳಕು ನಮ್ಮ ಕೈಯಲ್ಲಿರಬೇಕಾದರೆ ಬಿಡಿ ಫ್ಲ್ಯಾಶ್ ಮತ್ತು ಮೂರು ಮೀಟರ್ ಸಿಂಕ್ ತಂತಿ ಬೇಕು. ಈ ಕ್ಯಾಮೆರಾಗಳ ಶಟರ್ ಲೆನ್ಸಿನೊಳಗೇ ಇರೋದರಿಂದ 1/500 ಸೆಕೆಂಡಿನಲ್ಲೂ ಫ್ಲ್ಯಾಶ್ ಜೊತೆಗೂಡುತ್ತೆ. ಹಳೆಯ 35 ಮಿ.ಮೀ. ಎಸ್ಎಲ್ಆರ್‌ಗಳಲ್ಲಿ ಎಷ್ಟೋ 1/60ರಲ್ಲೇ ನಿಲ್ಲುತ್ತವೆ. ಲೆಕ್ಕ ನೋಡಿ. ಫಿಲಂ ಇಲ್‌ಫರ್ಡ್ ಎಫ್‌ಪಿ4, ವೇಗ 125. ನನ್ನ ಫ್ಲ್ಯಾಶ್‌ನ ಗೈಡ್ ನಂಬರ್ ಈ ಫಿಲಂಗೆ ಸುಮಾರು 36. ಒಂದೂವರೆ ಮೀಟರ್ ದೂರಕ್ಕೆ 36 ಭಾಗಿಸು 1.5, ಅಂದರೆ ಎಫ್ 24. ಆದರೆ ಬೆಳಕು ಕಲ್ಲಿಗೆ 15 ಡಿಗ್ರಿಯಲ್ಲಿ ಓರೆಯಾಗಿ ಬೀಳುವಾಗ ಅದರ ಕಾಲು ಭಾಗ ಮಾತ್ರ ಕಲ್ಲಿಗೆ ಸಿಗುತ್ತೆ, ಎರಡು ಸ್ಟಾಪ್ ತೆರೆಯಬೇಕು. ಎಫ್ 11 ಅಂತಿಟ್ಟುಕೊಳ್ಳಿ. ಎದುರು ಬಿಸಿಲಿಗೆ 1/500ರಲ್ಲಿ ಬೇಕಾದ್ದು ಎಫ್ 8. ಅಂದರೆ ಎಫ್ 11ರಲ್ಲಿ ಸೂರ್ಯ ಫ್ಲ್ಯಾಶಿಗಿಂತ ಒಂದೇ ಸ್ಟಾಪ್ ಕಡಿಮೆ. ಅಕ್ಷರದ ನೆರಳನ್ನು ಅರ್ಧ ತೊಳೆದುಬಿಡುತ್ತಾನೆ. 1/60ರ ಕ್ಯಾಮೆರಾದಲ್ಲಾದರೆ ಸೂರ್ಯನೇ ಎರಡು ಸ್ಟಾಪ್ ಹೆಚ್ಚು, ಫ್ಲ್ಯಾಶ್ ಹೊಡೆದದ್ದೂ ಗೊತ್ತಾಗೋದಿಲ್ಲ.

ಆ ಉಳಿದ ಸೂರ್ಯನಿಗೆ ಏನು ಮಾಡೋದು? ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲದ ಸಾಮಾನು ಇಲ್ಲಿ ಬಂತು. ಕರಿ ಕಂಬಳಿ! ಮೇಡ್ಲೇರಿಯಲ್ಲಿ ಕಂಬಳಿಗೇನು ಬರ? ಅದೇ ಅಜ್ಜಾರು ಹೆಗಲ ಮೇಲಿನದನ್ನು ಬಿಚ್ಚಿ ಒಂದು ತುದಿ ಹಿಡಿದರು, ಇನ್ನೊಂದು ತುದಿ ಶಾಲೆ ಬಿಟ್ಟು ಬಂದ ಹುಡುಗನ ಕೈಗೆ. ಬಿಳಿ ಬಟ್ಟೆ, ಛತ್ರಿ ಯಾವುದೂ ಇದರ ಹಾಗೆ ಅಲ್ಲ. ಉಣ್ಣೆಯ ಕಪ್ಪು ಬೆಳಕನ್ನು ತಡೆಯೋದಷ್ಟೇ ಅಲ್ಲ, ತನ್ನ ಮೇಲೆ ಬಿದ್ದದ್ದನ್ನು ಕಲ್ಲಿಗೆ ವಾಪಸ್ ಎಸೆಯೋದೂ ಇಲ್ಲ. "ಒಂದ್ ಕಲ್ಲಿನ ಫೋಟೋಕ್ಕ ಇಷ್ಟ್ ಮಂದಿ ಬೇಕೇನ್ರೀ?" ಅಂತ ನಗುತ್ತಲೇ ಮುಕ್ಕಾಲು ಗಂಟೆ ನಿಂತರು.

ಉಳಿದವು ಬೇಗ ಹೇಳ್ತೀನಿ. ಕೇಬಲ್ ರಿಲೀಸ್: ಅಗ್ಗದ್ದೂ ಆಗುತ್ತೆ, ಎರಡು ಇಟ್ಟುಕೊಳ್ಳಿ. ಬೆಳಕು ಅಳೆಯೋ ಮೀಟರ್: ಕ್ಯಾಮೆರಾದೊಳಗಿನದನ್ನು ನಂಬಬೇಡಿ. ಅದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ್ದು, ಈಗ ಅದು ಮಾರಾಟದಲ್ಲಿಲ್ಲ, 1.5 ವೋಲ್ಟಿನದನ್ನು ಹಾಕಿದರೆ ಮುಳ್ಳು ಸುಳ್ಳು ಹೇಳುತ್ತೆ. ಕಿತ್ತಳೆ ಫಿಲ್ಟರ್: ಕಿತ್ತಳೆ ಬಣ್ಣದ ಕಲ್ಲುಹೂವು ಹಬ್ಬಿದ್ದರೆ ಅದನ್ನು ತಿಳಿಯಾಗಿಸಿ ಬೂದುಗಲ್ಲಿಗೆ ಸಮೀಪ ತರುತ್ತೆ, ಬಿಳಿ ಕಲ್ಲುಹೂವಿಗೆ ಉಪಯೋಗವಿಲ್ಲ. ಅಳತೆಪಟ್ಟಿ ಪ್ರತಿ ಚಿತ್ರದಲ್ಲೂ ಇರಲಿ. ಒಂದು ನೋಟ್‌ಪುಸ್ತಕ, ಪೆನ್ಸಿಲ್. ಫಿಲಂ ತಾನಾಗಿ ಏನನ್ನೂ ಬರೆದುಕೊಳ್ಳೋದಿಲ್ಲ, ಬೆಳಕು ಯಾವ ದಿಕ್ಕಿನಿಂದ ಅಂತ ಆಗಲೇ ಬರೆಯದಿದ್ದರೆ ಮನೆಯಲ್ಲಿ ತಗ್ಗು ಯಾವುದು ಉಬ್ಬು ಯಾವುದು ಅಂತ ತಲೆ ಕೆಡುತ್ತೆ. ಮುಗಿದ ರೋಲಿಗೆ ಸ್ಟೀಲ್ ಡಬ್ಬಿ, ನೆರಳಲ್ಲಿ. ಏಪ್ರಿಲ್‌ನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಬೇಡದ ಸಾಮಾನೂ ಹೇಳಬೇಕು: ಸೀಮೆಸುಣ್ಣ, ಎಣ್ಣೆ, ತಂತಿಬ್ರಷ್. ಸೀಮೆಸುಣ್ಣ ತುಂಬಿದ ಅಕ್ಷರ ಕಲ್ಲುಕುಟಿಗನದಲ್ಲ, ಓದಿದವನದು. ನಾನು 'ಊರ' ಅಂತ ನಂಬಿದ ದಿನ ಕೈಯಲ್ಲಿ ಸೀಮೆಸುಣ್ಣ ಇದ್ದಿದ್ದರೆ ದುಂಡು ತುಂಬಿ ಒಳಗನ್ನು ಖಾಲಿ ಬಿಡುತ್ತಿದ್ದೆ, ಮುಂದೆ ಬರುವವರೂ ಅದನ್ನೇ ಓದುತ್ತಿದ್ದರು.

ಎಲ್ಲ ಕಲ್ಲಿಗೂ ಈ ಸಂಸಾರ ಬೇಕಿಲ್ಲ. ಇದೇ ತಾಲೂಕಿನ ಚೌಡದಾನಪುರದಲ್ಲಿ ಮುಕ್ತೇಶ್ವರ ಗುಡಿಯ ಎತ್ತರದ ಶಾಸನಕಲ್ಲುಗಳಿಗೆ ಸಂಜೆಯ ಬೆಳಕು, ಒಂದು ಮೊಬೈಲು ಸಾಕಾದೀತು. ಫೋಟೋದಿಂದ ಶಾಸನ ಓದೋದೂ ಹೊಸದೇನಲ್ಲ. ಮೇಜರ್ ಡಿಕ್ಸನ್ 1865ರ ಸುಮಾರಿಗೆ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದಿದ್ದರು, ಬಿ.ಎಲ್. ರೈಸ್ 1879ರಲ್ಲಿ ಪ್ರಕಟಿಸಿದ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಬಹುಮಟ್ಟಿಗೆ ಆ ಫೋಟೋಗಳನ್ನು ಓದಿ ಮಾಡಿದ್ದು. ಅವರ ಗಾಜಿನ ಪ್ಲೇಟಿನ ಮುಂದೆ ನನ್ನ 6x6 ಮಕ್ಕಳಾಟ.

ಈಗ ಫಲಿತಾಂಶ. ಬಲದಿಂದ ಬೆಳಕು ಬಿಟ್ಟ ಚಿತ್ರದಲ್ಲಿ ದುಂಡಿನ ಒಳಗೆ ಏನೂ ಇಲ್ಲ. ಮೇಲಿನಿಂದ ಬಿಟ್ಟದ್ದರಲ್ಲಿ ಒಂದು ಅಡ್ಡಗೀಟು, ಮಂದವಾಗಿ, ಆದರೆ ಈ ಅಂಚಿನಿಂದ ಆ ಅಂಚಿಗೆ. ಕೆಳಗಿನಿಂದ ಬಿಟ್ಟದ್ದರಲ್ಲಿ ಅದೇ ಗೀಟು, ನೆರಳು ಮಾತ್ರ ಆಚೆ ಬದಿಗೆ. ಎರಡು ಬೆಳಕಿನಲ್ಲೂ ಒಂದೇ ಜಾಗದಲ್ಲಿ ಇರೋದರಿಂದ ಕೊರೆದ ಗೀಟೇ ಹೊರತು ಕಲೆ ಅಲ್ಲ. ಱಕಾರ.

ಅಷ್ಟಕ್ಕೇ ನಾನು ಒಪ್ಪುತ್ತಿರಲಿಲ್ಲ, ಯಾಕಂದರೆ ಕಾಲ ಕಳೆದಂತೆ ಕಲ್ಲುಕುಟಿಗರು ರ, ಱ ಎರಡನ್ನೂ ಬೆರೆಸಿ ಬರೆದದ್ದುಂಟು. ಕೆಳಗಿನ ಶಿಲ್ಪದ ಪಟ್ಟಿ ನೋಡಿದರೆ ತಿಳಿಯುತ್ತಿತ್ತು, ಅದು ಮಣ್ಣಿನಲ್ಲಿ ಹೂತಿದೆ. ಅಗೆಯುವ ಹಕ್ಕು ನನಗಿಲ್ಲ. ಕೊನೆಯ ನಾಲ್ಕು ಚಿತ್ರಕ್ಕೆ ಕ್ಯಾಮೆರಾವನ್ನು ಟ್ರೈಪಾಡಿನಿಂದ ಬಿಚ್ಚಿ ನೆಲದ ಮೇಲೇ ಇಟ್ಟೆ. ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ ಆದ್ದರಿಂದ ಮಲಗುವ ತಾಪತ್ರಯ ಇಲ್ಲ. ಮಣ್ಣಿನ ಅಂಚಿನಿಂದ ಎರಡು ಬೆರಳು ಮೇಲೆ, ಎಡಬದಿಯ ಬೆಳಕಿನಲ್ಲಿ, ಒಂದರ ಹಿಂದೊಂದು ಮೂರು ಜೊತೆ ಕೊಂಬು.

ಹಾಗಾಗಿ ನನ್ನ ಹಿಂದಿನ ಓದು ಇಟ್ಟುಕೊಂಡವರು ದಯವಿಟ್ಟು ತಿದ್ದಿಕೊಳ್ಳಿ: 'ಊರ...' ಅಲ್ಲ, '[ತು]ಱು...'. ಮೊದಲ ಅಕ್ಷರ ಚೌಕ ಕಂಸದೊಳಗೇ ಇರಲಿ, ಅದನ್ನು ಕಲ್ಲು ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ. ಅಜ್ಜಾರಿಗೆ ಒಂದು ಪ್ರಿಂಟು ಕಳಿಸಿದ್ದೇನೆ, ಕೊಂಬಿನದ್ದು.