ಬೈಸಿಕಲ್ಲಿನ ಮೇಲೆ ಭೂಪ್ರದಕ್ಷಿಣೆ

ಬೈಸಿಕಲ್ಲು ಒಬ್ಬನಿಗಾಗಿ ನಿರ್ಮಿತವಾದ ವಾಹನ. ಅದಕ್ಕಿರುವ ಆಸನವೊಂದೇ, ತುಳಿಯಬೇಕಾದ ಕಾಲುಗಳೂ ಸವಾರನವೇ. ಬಳಲಿದವನನ್ನು ಕೂರಿಸಿಕೊಂಡು ಮುಂದೆ ಸಾಗಲು ಅದು ಎತ್ತಿನ ಬಂಡಿಯಲ್ಲ. ಇಂತಹ ಒಂಟಿ ವಾಹನದ ಮೇಲೆ ನಮ್ಮ ದೇಶದ ಕೆಲವರು ತರುಣರು ಒಟ್ಟುಗೂಡಿ ಭೂಮಂಡಲವನ್ನೇ ಸುತ್ತಿ ಬಂದರೆಂಬ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಲಾರರು. ಆ ವೃತ್ತಾಂತವನ್ನು ಇಲ್ಲಿ ನಿರೂಪಿಸಲಿಚ್ಛಿಸುತ್ತೇವೆ.

1923ನೆಯ ಇಸವಿ ಅಕ್ಟೋಬರ್ 15ರಂದು ಆರು ಮಂದಿ ಪಾರ್ಸಿ ತರುಣರು ಮುಂಬಯಿಯಿಂದ ಹೊರಟರು. ಅದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ, ಗುಸ್ತಾದ್ ಹಾಥಿರಾಂ, ಕೇಕಿ ಪೋಚಖಾನವಾಲಾ, ನರಿಮನ್ ಕಪಾಡಿಯಾ ಎಂಬುವರೇ ಆ ಆರು ಜನರು. ಎಲ್ಲರೂ ಭಾರ ಎತ್ತುವ ವ್ಯಾಯಾಮವನ್ನು ಅಭ್ಯಸಿಸುತ್ತಿದ್ದ ಒಂದೇ ಸಂಘದ ಸದಸ್ಯರು. ಇರಾನು, ಇರಾಕು, ಸಿರಿಯಾಗಳನ್ನು ದಾಟಿ, ಯೂರೋಪನ್ನೂ ಇಂಗ್ಲೆಂಡನ್ನೂ ಕಂಡು, ಹಡಗಿನಲ್ಲಿ ಅಮೆರಿಕವನ್ನು ಸೇರಿ, ಆ ಖಂಡವನ್ನೂ ಕ್ರಮಿಸಿ, ಜಪಾನು, ಕೊರಿಯಾ, ಚೀನಾ, ಸಯಾಂ, ಬರ್ಮಾಗಳ ಮಾರ್ಗವಾಗಿ ಯಾತ್ರಿಕರು ಸ್ವದೇಶಕ್ಕೆ ಮರಳಿದರು. ಮುಂಬಯಿಯನ್ನು ಮತ್ತೆ ತಲಪಿದ್ದು 1928ನೆಯ ಮಾರ್ಚಿ 18ರಂದು. ಕ್ರಮಿಸಿದ ದೂರ ಸುಮಾರು 44,000 ಮೈಲಿ, ಎಂದರೆ 71,000 ಕಿಲೋಮೀಟರು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಹೊರಟ ದಿನದಿಂದ ಮರಳಿದ ದಿನದ ವರೆಗೆ 1,616 ದಿನಗಳು. ಹಂಚಿದರೆ ದಿನವೊಂದಕ್ಕೆ 27 ಮೈಲಿ ಬೀಳುತ್ತದೆ. ಒಳ್ಳೆಯ ರಸ್ತೆಯಲ್ಲಿ ಒಂದು ದಿನಕ್ಕೆ 27 ಮೈಲಿ ತುಳಿಯುವುದು ದೃಢಕಾಯನಾದ ತರುಣನಿಗೆ ಅಸಾಧ್ಯವೇನಲ್ಲ. ಮಳೆಯೆನ್ನದೆ, ಬಿಸಿಲೆನ್ನದೆ, ಜ್ವರ ಬಂದ ದಿನವನ್ನೂ ಹಡಗಿನಲ್ಲಿ ಕಳೆದ ದಿನವನ್ನೂ ಸೇರಿಸಿ ನಾಲ್ಕೂವರೆ ವರ್ಷಗಳ ಕಾಲ ಅದೇ ಸರಾಸರಿಯನ್ನು ಉಳಿಸಿಕೊಳ್ಳುವುದೇ ದುಸ್ಸಾಧ್ಯ. ಒಂದು ದಿನದ ಹುರುಪಿಗೆ ದೇಹಬಲ ಸಾಕು. ಸಾವಿರ ದಿನಗಳ ಹಟಕ್ಕೆ ಜೊತೆಗಾರರು ಬೇಕು.

ಜೊತೆಯ ಪ್ರಯೋಜನವು ಮನಸ್ಸಿಗೆ ಮಾತ್ರ ಸೇರಿದ್ದಲ್ಲ. ಸಮತಲವಾದ ಹಾದಿಯಲ್ಲಿ ವೇಗವಾಗಿ ಹೋಗುವ ಸವಾರನ ಶಕ್ತಿಯ ಬಹುಭಾಗ ಎದುರಿನ ಗಾಳಿಯನ್ನು ಸೀಳುವುದರಲ್ಲಿಯೇ ವ್ಯಯವಾಗುತ್ತದೆ. ಅವನ ಬೆನ್ನಿಗೆ ಹತ್ತಿದಂತೆ ಬರುವವನಿಗೆ ಗಾಳಿಯ ತಡೆ ಕಡಮೆಯಾಗಿ, ಶ್ರಮದಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಉಳಿತಾಯವಾಗುವುದುಂಟು. ಆದುದರಿಂದಲೇ ಅನುಭವಸ್ಥರಾದ ಸವಾರರು ಸಾಲಾಗಿ ಸಾಗುತ್ತ, ಮುಂದಿನವನು ದಣಿಯುವ ಮೊದಲೇ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಸೇರುವಂತೆ ಸರದಿಯನ್ನು ಏರ್ಪಡಿಸಿಕೊಳ್ಳುತ್ತಾರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಆದರೆ ಮರಳಿನಲ್ಲಿ ಈ ಉಪಾಯವೂ ನಡೆಯದು. ಬಾಗ್ದಾದಿನಿಂದ ಅಲೆಪ್ಪೋ ನಗರಕ್ಕಿರುವ ಸುಮಾರು 600 ಮೈಲಿಗಳ ಮರುಭೂಮಿಯನ್ನು ದಾಟಲು ನಮ್ಮ ಯಾತ್ರಿಕರಿಗೆ 23 ದಿನಗಳು ಹಿಡಿದುವು. ಹುದುಗುವ ಚಕ್ರವನ್ನು ನೂಕಿಕೊಂಡು ನಡೆಯುವವನಿಗೆ ಮುಂದಿನವನ ಬೆನ್ನಿನಿಂದ ಗಾಳಿಯ ಮರೆ ದೊರೆತು ಆಗಬೇಕಾದುದೇನು? ಅಂತಹ ಸ್ಥಳದಲ್ಲಿ ಒಬ್ಬನ ಚಕ್ರ ತೂತಾದರೆ ಎಲ್ಲರೂ ನಿಲ್ಲಬೇಕು. ಒಬ್ಬನ ಚರ್ಮದ ಚೀಲದಲ್ಲಿ ನೀರು ಮುಗಿದರೆ ಎಲ್ಲರ ಪಾಲೂ ಕಡಮೆಯಾಗಬೇಕು. ಎಲ್ಲರಿಗಿಂತ ನಿಧಾನಿಯಾದವನ ನಡಿಗೆಯೇ ತಂಡದ ನಡಿಗೆ. ಅವನನ್ನು ಹಿಂದೆ ಬಿಟ್ಟ ಗಳಿಗೆಯಲ್ಲಿಯೇ ತಂಡವೆಂಬುದು ಇಲ್ಲವಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಲಾಗದು. ಹೊರಟವರು ಆರು ಮಂದಿ. ಸುತ್ತನ್ನು ಪೂರ್ಣಗೊಳಿಸಿದವರು ಹಕೀಂ, ಬಾಪಾಸೋಲಾ, ಭೂಮ್‌ಗರಾ ಈ ಮೂವರೇ. ಕಪಾಡಿಯಾ ಅವರು ಟೆಹರಾನಿನಿಂದ ಹಿಂದಿರುಗಿದರು. ಹಾಥಿರಾಂ ಅವರು ಅಮೆರಿಕದಲ್ಲಿಯೇ ನೆಲಸಿದರು. ಪೋಚಖಾನವಾಲಾ ಅವರೂ ಯಾತ್ರೆಯನ್ನು ಅರ್ಧಕ್ಕೆ ಬಿಟ್ಟರು. ಅವರನ್ನು ಹಳಿಯಲು ನಮಗೆ ಮನಸ್ಸಿಲ್ಲ. ಟೆಹರಾನಿನ ವರೆಗೆ ಬಂದವನು ಅಲ್ಲಿಯ ವರೆಗಿನ ಭಾರವನ್ನು ಹೊತ್ತವನೇ. ಅಮೆರಿಕದ ವರೆಗೆ ಬಂದವನು ಮರುಭೂಮಿಯ ಬಾಯಾರಿಕೆಯನ್ನು ಹಂಚಿಕೊಂಡವನೇ. ಕೊನೆಯ ಮೂವರು ಆ ಋಣವನ್ನು ಹೊತ್ತೇ ಊರು ಸೇರಿದರು. ಜೊತೆಗಾರನೊಬ್ಬನು ಬಿಟ್ಟುಹೋದಾಗ ಉಳಿದವರ ಎದೆ ಎಷ್ಟು ಕುಂದುವುದೆಂಬುದನ್ನು ಬಲ್ಲವರೇ ಬಲ್ಲರು. ಅರ್ಧಕ್ಕೆ ಇಳಿದ ಮೇಲೂ ತಂಡವು ಒಡೆಯದೆ ನಿಂತಿತೆಂಬುದರಲ್ಲಿಯೇ ಈ ಯಾತ್ರೆಯ ನಿಜವಾದ ವಿಜಯವನ್ನು ನಾವು ಕಾಣುತ್ತೇವೆ.

1931ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಪ್ರವಾಸಗ್ರಂಥಕ್ಕೆ ಜವಾಹರಲಾಲ್ ನೆಹರೂ ಅವರು ಮುನ್ನುಡಿಯನ್ನು ಬರೆದರು. ಎರಡು ವರ್ಷಗಳ ತರುವಾಯ ಮತ್ತೆ ಮೂವರು ಪಾರ್ಸಿ ತರುಣರು ಅಂತಹುದೇ ಯಾತ್ರೆಗೆ ಹೊರಟು 1942ರಲ್ಲಿ ಅದನ್ನು ಮುಗಿಸಿದರು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿದಂತೆ ಸಾಹಸವೂ ಹರಡುತ್ತದೆ.

ನಮ್ಮಲ್ಲಿ ಬಹುಮಂದಿ ಭೂಪ್ರದಕ್ಷಿಣೆಗೆ ಹೊರಡುವವರಲ್ಲ. ಆದರೆ ಸಂಸಾರವೂ ದೀರ್ಘಯಾತ್ರೆಯೇ ತಾನೆ? ದುಡಿಯುವ ಮಗನೊಬ್ಬನು, ಅಡುಗೆಮನೆಯಲ್ಲಿ ನಿಂತ ಸೊಸೆಯೊಬ್ಬಳು, ವರ್ಷಗಟ್ಟಲೆ ಎದುರುಗಾಳಿಯನ್ನು ತಾವೇ ಸೀಳುತ್ತಿರಲು ಉಳಿದವರು ಅವರ ಬೆನ್ನ ಮರೆಯಲ್ಲಿ ಹಾಯಾಗಿ ಸಾಗುತ್ತಿರುವ ಮನೆಗಳು ಎಷ್ಟಿಲ್ಲ! ಮುಂದಿರುವವರು ಕುಸಿಯುವ ಮೊದಲೇ ಅವರನ್ನು ಹಿಂದಕ್ಕೆ ಕಳುಹಿ, ಸ್ವಲ್ಪ ಕಾಲ ನಾವು ಮುಂದಾಗೋಣ. ದೂರವು ಎಷ್ಟೇ ಇರಲಿ, ಸರದಿಯನ್ನು ಬಲ್ಲ ಮನೆಯು ದಾರಿಯಲ್ಲಿ ನಿಲ್ಲುವುದಿಲ್ಲ.