ಒಂದೇ ಮನೆ, ಎರಡು ಪಡಸಾಲೆ

ನಮ್ಮ ಮನೆಯಲ್ಲಿರುವ ಗಣಕಯಂತ್ರ ಒಂದೇ. ಅದರ ಹಕ್ಕುದಾರರು ಇಬ್ಬರು. ಸಂಜೆ ಶಾಲೆಯಿಂದ ಬರುವ ಚಿರಂಜೀವಿ ಒಬ್ಬ. ಬೆಳಗಿನ ಹೊತ್ತು ತಮ್ಮ ಬಾಲ್ಯದ ಕಥೆಯನ್ನು ಕನ್ನಡದಲ್ಲಿ ಬರೆಯುವ ನಮ್ಮ ತೀರ್ಥರೂಪರು ಇನ್ನೊಬ್ಬರು. ಪುಣೆಯಲ್ಲಿ ಹುಟ್ಟಿ ಬೆಳೆಯುತ್ತಿರುವ ಮೊಮ್ಮಗ ಧಾರವಾಡದ ಕಡೆಯ ತನ್ನ ಊರನ್ನು ಓದಿಯಾದರೂ ಅರಿಯಲಿ ಎಂಬುದು ಅವರ ಆಸೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹೊಸ ಯಂತ್ರ ಕೊಳ್ಳುವುದು ಗುಮಾಸ್ತನ ಸಂಬಳಕ್ಕೆ ಎಟುಕುವ ಮಾತಲ್ಲ. ಆದ್ದರಿಂದ ಹಳೆಯ ಯಂತ್ರಕ್ಕೆ ಡೆಬಿಯನ್ ಲಿನಕ್ಸ್ ಹಾಕಿದೆ. 1993ರಲ್ಲಿ ಆರಂಭವಾದ ಈ ವ್ಯವಸ್ಥೆ ಎಲ್ಲರಿಗೂ ಉಚಿತ. ಪುಣೆಯಲ್ಲಿ ಕೇಂದ್ರ ಕಚೇರಿಯುಳ್ಳ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಹೊರತಂದ ‘ಬಾಸ್’ ಲಿನಕ್ಸಿಗೂ ಇದೇ ತಳಹದಿ.

ಡೆಬಿಯನ್ ತಾನಾಗಿ ಕೊಡುವ ಡೆಸ್ಕ್‌ಟಾಪಿನ ಹೆಸರು ಗ್ನೋಮ್. ಮಗನಿಗೆ ಅದು ಬಹಳ ಹಿಡಿಸಿತು. ತೀರ್ಥರೂಪರು ಮಾತ್ರ ಮೊದಲ ದಿನವೇ, “ಅಲ್ಲೋ ತಮ್ಮಾ, ಕೆಳಗಿನ ಪಟ್ಟಿ ಎಲ್ಲಿ ಹೋತು? ನಾ ಬರದದ್ದು ಎಲ್ಲಿ ಅದ?” ಎಂದರು. ಎರಡು ಸಲ ತೋರಿಸಿಕೊಟ್ಟೆ. ಮೂರನೆಯ ಸಲ ಅವರು ಕೇಳಲೇ ಇಲ್ಲ, ಬರೆಯುವುದನ್ನೇ ಬಿಟ್ಟರು. ಹದಿನೈದು ದಿನ ಹಾಗೆಯೇ ಕಳೆಯಿತು.

ಲಿನಕ್ಸಿನ ದೊಡ್ಡ ಗುಣವೊಂದು ಆಗ ನೆನಪಾಯಿತು. ಇಲ್ಲಿ ಯಂತ್ರವನ್ನು ನಡೆಸುವ ವ್ಯವಸ್ಥೆ ಬೇರೆ, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಬೇರೆ. ಹಳೆಯ ಪುಣೆಯ ವಾಡೆಯಲ್ಲಿ ಬಾವಿಯೊಂದೇ ಇದ್ದು ಬಿಡಾರಗಳು ಹಲವಿರುವಂತೆ, ಒಂದೇ ವ್ಯವಸ್ಥೆಯಲ್ಲಿ ಎರಡು ಡೆಸ್ಕ್‌ಟಾಪುಗಳು ಇರಬಲ್ಲವು. ಕೆಡಿಇ ಮತ್ತು ಎಕ್ಸ್‌ಎಫ್‌ಸಿಇ 1996ರಲ್ಲಿ, ಗ್ನೋಮ್ 1997ರಲ್ಲಿ ಹುಟ್ಟಿದವು. ಇವುಗಳಲ್ಲಿ ಎಕ್ಸ್‌ಎಫ್‌ಸಿಇ ಹಗುರವಾದದ್ದು. ಹಳೆಯ ಯಂತ್ರಕ್ಕೆ ಭಾರವಾಗದು. ಅದರ ಪಟ್ಟಿಯನ್ನು ಬೇಕಾದರೆ ಕೆಳಗೇ ಇರಿಸಬಹುದು.

ಮೊದಲು ಕಡತಗಳ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಟ್ಟೆ. ಬಳಿಕ ಟರ್ಮಿನಲ್ಲಿನಲ್ಲಿ ‘ಸುಡೋ ಆಪ್ಟ್ ಅಪ್‌ಡೇಟ್’, ಅನಂತರ ‘ಸುಡೋ ಆಪ್ಟ್ ಇನ್‌ಸ್ಟಾಲ್ ಟಾಸ್ಕ್-ಎಕ್ಸ್‌ಎಫ್‌ಸಿಇ-ಡೆಸ್ಕ್‌ಟಾಪ್’ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆದೆ. ಎಷ್ಟು ಜಾಗ ಬೇಕೆಂಬುದನ್ನು ಯಂತ್ರವೇ ಮೊದಲು ಹೇಳಿ, ಒಪ್ಪಿಗೆ ಕೇಳುತ್ತದೆ. ನಡುವೆ ಪ್ರವೇಶದ ಪರದೆಗೆ ಜಿಡಿಎಂ3 ಬೇಕೋ ಲೈಟ್‌ಡಿಎಂ ಬೇಕೋ ಎಂಬ ಪ್ರಶ್ನೆ ಬಂತು. ನಾನು ಓದದೆಯೇ ಎರಡನೆಯದನ್ನು ಒತ್ತಿಬಿಟ್ಟೆ. ಮರುದಿನ ಅಪರಿಚಿತ ಪರದೆ ಕಂಡು ಮಗ, “ಅಪ್ಪಾ, ನನ್ನ ಪ್ರಾಜೆಕ್ಟ್ ಹೋತು!” ಎಂದು ಅಳತೊಡಗಿದ. ಏನೂ ಹೋಗಿರಲಿಲ್ಲ. ಬದಲಾದದ್ದು ಬಾಗಿಲು, ಒಳಗಿನ ಸಾಮಾನಲ್ಲ. ಹಳೆಯ ಪರದೆಯೇ ಬೇಕೆಂದರೆ ಜಿಡಿಎಂ3ನ್ನು ಆರಿಸಿದರಾಯಿತು.

ವಾಚಕರಿಗೆ ಎರಡು ಸೂಚನೆಗಳು. ಒಬ್ಬರೇ ಎರಡೂ ಡೆಸ್ಕ್‌ಟಾಪ್ ಬಳಸಿದರೆ ಬಣ್ಣ, ಅಕ್ಷರಗಳ ಏರ್ಪಾಡು ಒಂದಕ್ಕೊಂದು ಬೆರೆಯುವುದುಂಟು. ಆದ್ದರಿಂದ ಅಜ್ಜನಿಗೊಂದು, ಮೊಮ್ಮಗನಿಗೊಂದು ಬೇರೆ ಬೇರೆ ಖಾತೆ ತೆರೆಯುವುದು ಲೇಸು. ಮುಂದೆ ಒಂದು ಡೆಸ್ಕ್‌ಟಾಪನ್ನು ತೆಗೆಯುವುದಾದರೆ, ಅದರೊಡನೆ ಏನೇನು ಹೋಗುತ್ತದೆಂಬ ಪಟ್ಟಿಯನ್ನು ಪೂರ್ತಿ ಓದದೆ ಒಪ್ಪಿಗೆ ಕೊಡಬಾರದು.

ತೀರ್ಥರೂಪರನ್ನು ಕರೆದು ಕೂರಿಸಿದೆ. ಕೆಳಗಿನ ಪಟ್ಟಿ ಕಂಡಿತು, ಕಡತ ತೆರೆಯಿತು. ಬರೆಯಹೋದರೆ ಇಂಗ್ಲಿಷ್ ಅಕ್ಷರಗಳು! ಗ್ನೋಮಿನಲ್ಲಿ ಮಾಡಿದ್ದ ಕೀಲಿಮಣೆಯ ಏರ್ಪಾಡು ಇಲ್ಲಿಗೆ ಬಂದಿರಲಿಲ್ಲ. ಎಕ್ಸ್‌ಎಫ್‌ಸಿಇಯ ಕೀಲಿಮಣೆ ವಿಭಾಗದಲ್ಲಿ ‘ಕಗಪ’ ವಿನ್ಯಾಸವನ್ನು ಸೇರಿಸಿದ ಮೇಲೆ ಕನ್ನಡ ಮೂಡಿತು.

ಅಂದಿನಿಂದ ಬರವಣಿಗೆ ಮತ್ತೆ ಸಾಗಿದೆ. ಮೊನ್ನೆ ರವಿವಾರ ಊರ ಕೆರೆಯ ಕಥೆಯನ್ನು ಮಗ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ತಪ್ಪಿದಲ್ಲೆಲ್ಲ ಅಜ್ಜ ತಿದ್ದಿದರು. ಒಂದು ಪುಟಕ್ಕೆ ಅರ್ಧ ತಾಸು ಹಿಡಿಯಿತು. ಅವಸರ ಯಾರಿಗೂ ಇರಲಿಲ್ಲ.